ಅಪ್ಪ ಬಿಟ್ಟುಹೋದ ಪಾಲು

ಜೂನ್ 9

ಇವತ್ತು ಮಧ್ಯಾಹ್ನ ನಮ್ಮ ಅಪ್ಪನಿಗೆ ಇನ್ನೊಬ್ಬ ಮಗ ಹುಟ್ಟಿದ. ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾಯಿತು, ಮಗನಿಗೆ ನಲವತ್ತು ದಾಟಿದೆ. ಆದರೂ ನಮ್ಮ ಮಟ್ಟಿಗೆ ಅವನು ಹುಟ್ಟಿದ್ದು ಇವತ್ತೇ.

ಊಟ ಮುಗಿಸಿ ಅವ್ವ ಧಾರಾವಾಹಿ ಹಚ್ಚಿಕೊಂಡು ಕುಳಿತಿದ್ದಳು. ಬೆಳಗಾವಿಯ ಮಹಾಂತೇಶ ನಗರದಲ್ಲಿ ಭಾನುವಾರ ಮಧ್ಯಾಹ್ನ ಗೇಟು ಬಡಿಯುವವರು ಕೊರಿಯರಿನವರು, ಇಲ್ಲವೇ ದೇಣಿಗೆ ಕೇಳುವವರು. ಇಬ್ಬರಿಗೂ ಆಗುವಂಥ ಮುಖ ಮಾಡಿಕೊಂಡೇ ಹೋದೆ. ಒಬ್ಬ ಗಂಡಸು, ಜೊತೆಗೆ ಡಿಗ್ರಿ ಮುಗಿಸಿದ ವಯಸ್ಸಿನ ಹುಡುಗಿ. ಖಾನಾಪುರದಿಂದ ಬಂದಿದ್ದರು. ಆತನ ಹೆಸರು ಸತ್ಯಪ್ಪ. ಹಂಚಿನ ಕಾರ್ಖಾನೆಯ ಟೆಂಪೋ ಓಡಿಸುತ್ತಿದ್ದನಂತೆ, ಈಗ ಆಗುತ್ತಿಲ್ಲವಂತೆ. ಹುಡುಗಿ ಅವನ ಮಗಳು ಸಮೃದ್ಧಿ. ಕುರ್ಚಿಯ ತುದಿಯಲ್ಲಿ ಕುಳಿತು, ತಾನು ದುಂಡಪ್ಪನವರ ಮಗ, ಕಾಡವ್ವ ಎಂಬಾಕೆಯ ಹೊಟ್ಟೆಯಲ್ಲಿ ಹುಟ್ಟಿದವನು ಎಂದು ಹವಾಮಾನದ ವರದಿ ಓದುವವರ ಹಾಗೆ ಹೇಳಿದ.

ದುಂಡಪ್ಪ ನಮ್ಮಪ್ಪ. ರವಿವಾರ ಪೇಟೆಯಲ್ಲಿ ಅಕ್ಕಿಯ ಸಗಟು ವ್ಯಾಪಾರ. ವಾರಕ್ಕೊಮ್ಮೆ ಅಕ್ಕಿ ಖರೀದಿಗೆಂದು ಖಾನಾಪುರಕ್ಕೆ ಹೋಗಿ ಅಲ್ಲೇ ವಸ್ತಿ ಇದ್ದು ಬರುತ್ತಿದ್ದ. ಒಂದು ಚೀಲ ಅಕ್ಕಿ ಕೊಳ್ಳಲು ಇಷ್ಟು ಹೊತ್ತು ಬೇಕೇ ಎಂದು ನಾನು ಸಣ್ಣವಳಿದ್ದಾಗ ಆಶ್ಚರ್ಯಪಟ್ಟದ್ದುಂಟು.

"ನಮಗ ಏನೂ ಬ್ಯಾಡ್ರಿ ಮೇಡಮ್ಮಾರ," ಎಂದ ಆತ. "ಒಂದ ಮಾತು ಕೇಳಾಕ ಬಂದೀವಿ. ಅವರು ಏನಾಗಿ ತೀರಿಕೊಂಡ್ರು?"

ಅವ್ವ ಟೀವಿಯ ಸದ್ದು ಏರಿಸಿದಳು. ಆಮೇಲೆ ಏನನ್ನಿಸಿತೋ, ಮೊಣಕಾಲು ಹಿಡಿದುಕೊಂಡು ಎದ್ದು, ತಾನೇ ಹೋಗಿ ಅವರಿಬ್ಬರಿಗೂ ಚಹಾ ಮಾಡಿ ತಂದಿಟ್ಟಳು. ಮತ್ತೆ ಧಾರಾವಾಹಿ ನೋಡತೊಡಗಿದಳು.

ಅಣ್ಣನನ್ನು ಕೇಳಿ ಹೇಳುತ್ತೇನೆಂದು ಅವರನ್ನು ಸಾಗಹಾಕಿದೆ. ಆ ಗಿರಾಕಿಯ ಪಾದಗಳು ಊದಿಕೊಂಡು ಚಪ್ಪಲಿಯೊಳಗೆ ಹೋಗಲೊಲ್ಲವು. ಮಗಳು ಬಗ್ಗಿ ತೊಡಿಸಿದಳು. ಜೀವಶಾಸ್ತ್ರ ಕಲಿಸುವವಳಾದ್ದರಿಂದ ಗಮನಿಸಿದೆ, ಅಷ್ಟೇ.

ಜೂನ್ 10

ಅಣ್ಣ ಶಿವಲಿಂಗ ಅಂಗಡಿಯ ಶಟರ್ ಅರ್ಧ ಎಳೆದು ಬಂದ. ಅಪ್ಪ ತೀರಿದ ದಿನವೂ ಅವನು ಎಳೆದದ್ದು ಅರ್ಧವನ್ನೇ, ಆದ್ದರಿಂದ ವಿಷಯ ಎಷ್ಟು ಗಂಭೀರ ಎಂದು ನನಗೆ ಅರ್ಥವಾಯಿತು. ದಾರಿಯಲ್ಲೇ ವಕೀಲರನ್ನು ಕಂಡು ಬಂದಿದ್ದ. ಆ ಮನುಷ್ಯನ ಜೊತೆ ಮಾತಾಡಬಾರದು, ಮನೆಯೊಳಗೆ ಕೂರಿಸಬಾರದು, ಮುಖ್ಯವಾಗಿ ಡಿಎನ್‌ಎ ಕೊಡಬಾರದು ಎಂದು ವಕೀಲರ ಅಪ್ಪಣೆ.

ಕೊನೆಯದನ್ನು ಅಣ್ಣ ಮನಸ್ಸಿಗೆ ಹಚ್ಚಿಕೊಂಡಿದ್ದಾನೆ. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವ ತಂಗಿಯೊಬ್ಬಳು ಇದ್ದಾಳೆಂಬುದು ಅವನಿಗೆ ಮೊದಲ ಸಲ ಉಪಯೋಗಕ್ಕೆ ಬಂತು. ಚಹಾದ ಕಪ್ಪಿನಿಂದ ಡಿಎನ್‌ಎ ತೆಗೆಯಬಹುದೆ? ಬಾಚಣಿಗೆಯಿಂದ? ಕಟಿಂಗ್ ಅಂಗಡಿಯಲ್ಲಿ ಬಿದ್ದ ಕೂದಲಿನಿಂದ? ಬೇರುಸಮೇತ ಕಿತ್ತರೆ ಸುಲಭ ಎಂದೆ. ಇನ್ನು ಮುಂದೆ ಹಜಾಮನನ್ನು ರಾಮತೀರ್ಥ ನಗರದ ತನ್ನ ಮನೆಗೇ ಕರೆಸುತ್ತಾನಂತೆ. ಅವನ ತಲೆಯ ಮೇಲೆ ಉಳಿದಿರುವುದನ್ನು ನೋಡಿದರೆ ಕಳ್ಳರಿಗೂ ನಷ್ಟದ ವ್ಯಾಪಾರವೇ.

ಹೋಗುವಾಗ ತಾನು ಕುಡಿದ ಕಪ್ಪನ್ನು ತಾನೇ ತೊಳೆದಿಟ್ಟ. ಐವತ್ತು ವರ್ಷದಲ್ಲಿ ಅವ್ವ ಕಲಿಸಲಾಗದ್ದನ್ನು ಡಿಎನ್‌ಎ ಒಂದೇ ದಿನದಲ್ಲಿ ಕಲಿಸಿತು.

ಜೂನ್ 21

ವಿಧಿಯ ತಮಾಷೆಗೆ ಸಿಲಬಸ್ ಕೂಡ ಕೈಜೋಡಿಸಿದೆ. ಇವತ್ತು ದ್ವಿತೀಯ ಪಿಯು ತರಗತಿಯಲ್ಲಿ ಡಿಎನ್‌ಎ ಪಾಠ. ಕಾಲೇಜಿನಲ್ಲಿ ಒಂದು ಪ್ಲಾಸ್ಟಿಕ್ ಮಾದರಿ ಇದೆ, ತಿರುಚಿದ ಏಣಿಯಂಥದ್ದು. ಮೆಟ್ಟಿಲು ಕೆಲವು ಉದುರಿಹೋಗಿವೆ. ಅದನ್ನೇ ಎತ್ತಿ ಹಿಡಿದು, ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದದ ಬರಹ ಇದು, ಅಪ್ಪನಿಂದ ಅರ್ಧ, ಅವ್ವನಿಂದ ಅರ್ಧ ಬರುತ್ತದೆ, ಇದರಿಂದ ಕೊಲೆಗಾರನನ್ನೂ ಹಿಡಿಯಬಹುದು, ಕಾಯಿಲೆಯನ್ನೂ ಹಿಡಿಯಬಹುದು ಎಂದು ಪ್ರತಿವರ್ಷ ಹೇಳುವುದನ್ನೇ ಹೇಳಿದೆ.

ಮುಂದಿನ ಬೆಂಚಿನ ಐಶ್ವರ್ಯಾ ಎದ್ದು ನಿಂತಳು. ಮುಂದೆ ಬರುವ ರೋಗ ಮೊದಲೇ ಗೊತ್ತಾಗುವ ಹಾಗಿದ್ದರೆ ನೀವು ತಿಳಿದುಕೊಳ್ಳುತ್ತೀರಾ ಮೇಡಂ ಎಂದು ಕೇಳಿದಳು. ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ ಎಂದೆ.

ಇಲ್ಲಿ ಓದುವವರು ಯಾರೂ ಇಲ್ಲ, ಬರೆಯಬಹುದು. ನಮ್ಮ ಅಪ್ಪ ಸತ್ತದ್ದು ಹೃದಯಾಘಾತದಿಂದ, ಹಾಗೆಂದು ನಾವು ಎಲ್ಲರಿಗೂ ಹೇಳಿದ್ದೇವೆ. ಕೊನೆಯಲ್ಲಿ ಹೃದಯ ನಿಂತದ್ದು ನಿಜವೇ, ಯಾರದು ನಿಲ್ಲುವುದಿಲ್ಲ? ಅದಕ್ಕೂ ಮೊದಲು ಅವನ ಎರಡೂ ಕಿಡ್ನಿಗಳ ತುಂಬ ನೀರಿನ ಗುಳ್ಳೆಗಳೆದ್ದು, ಅವು ದ್ರಾಕ್ಷಿ ಗೊಂಚಲಿನಂತೆ ಊದಿ, ಡಯಾಲಿಸಿಸ್ ಮೇಲೆ ಎರಡು ವರ್ಷ ಎಳೆದಿದ್ದ. ಇದು ವಂಶದಲ್ಲಿ ಇಳಿಯುವ ರೋಗ, ಮಕ್ಕಳೆಲ್ಲ ಸ್ಕ್ಯಾನ್ ಮಾಡಿಸಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಆಗ ನನಗೆ ಇನ್ನೂ ಗಂಡು ನೋಡುತ್ತಿದ್ದರು. ಕಿಡ್ನಿ ಎಂದರೆ ಗಂಡು ಓಡಿಹೋಗುತ್ತಾನೆಂದು ಅಣ್ಣ ಹೃದಯವನ್ನು ಆರಿಸಿದ. ಗಂಡುಗಳು ಹೃದಯಕ್ಕೂ ಓಡಿದರು.

ನಾನು ಆರೋಗ್ಯವಾಗಿದ್ದೇನೆ. ನಾನು ಪರೀಕ್ಷೆ ಮಾಡಿಸಿಕೊಂಡಿಲ್ಲ ಎಂಬುದೇ ಅದಕ್ಕೆ ಸಾಕ್ಷಿ.

ಜುಲೈ 2

ಖಾನಾಪುರದ ಗಿರಾಕಿಗೆ ಅಣ್ಣ ವಕೀಲರಿಂದ ನೋಟೀಸು ಕಳಿಸಿದ್ದಾನೆ. ದುಂಡಪ್ಪನವರಿಗೂ ನಿಮಗೂ ಯಾವ ಸಂಬಂಧವೂ ಇಲ್ಲ ಎಂದು ಅದರಲ್ಲಿ ಇದೆ. ಇಲ್ಲದ ಸಂಬಂಧಕ್ಕೆ ಮೂರು ಪುಟ ಬೇಕಾಯಿತು.

ಜುಲೈ 8

ಸಮೃದ್ಧಿ ಫೋನ್ ಮಾಡಿದ್ದಳು. ನನ್ನ ನಂಬರನ್ನು ಕಾಲೇಜಿನ ಆಫೀಸಿನಿಂದ ತೆಗೆದುಕೊಂಡಳಂತೆ. ನೋಟೀಸಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವಳ ಅಪ್ಪನ ಕಿಡ್ನಿ ಹೋಗಿದೆ, ವಾರಕ್ಕೆರಡು ಸಲ ಬೆಳಗಾವಿಗೆ ಬಂದು ಡಯಾಲಿಸಿಸ್ ಮಾಡಿಸುತ್ತಾರೆ. ಅವಳ ತಾಯಿಗೆ ಸಕ್ಕರೆ ಕಾಯಿಲೆ, ಆಕೆ ಕಿಡ್ನಿ ಕೊಡುವ ಹಾಗಿಲ್ಲ. ಇವಳೇ ಕೊಡುತ್ತೇನೆಂದಿದ್ದಾಳೆ. ಡಾಕ್ಟರು ಮೊದಲು ಕೇಳಿದ್ದು, ನಿಮ್ಮ ವಂಶದಲ್ಲಿ ಯಾರಿಗಾದರೂ ಈ ರೋಗ ಇತ್ತೇ ಎಂದು. ಕಾಡವ್ವನ ಕಡೆ ಯಾರಿಗೂ ಇಲ್ಲವಂತೆ.

"ಅಜ್ಜಾ ಏನಾಗಿ ತೀರಿಕೊಂಡ್ರು, ಅಷ್ಟ ಹೇಳ್ರಿ. ಮತ್ತ ಫೋನ್ ಮಾಡಂಗಿಲ್ಲ," ಎಂದಳು.

ಹೃದಯಾಘಾತ ಎಂದೆ.

ಥ್ಯಾಂಕ್ಸ್ ಹೇಳಿ ಇಟ್ಟಳು. ಈಗಿನ ಹುಡುಗರಿಗೆ ಸಭ್ಯತೆ ಇಲ್ಲ ಎನ್ನುತ್ತಾರೆ. ಇದ್ದಾಗ ಅದು ಎಷ್ಟು ಚುಚ್ಚುತ್ತದೆ ಎಂದು ಅವರಿಗೆ ಗೊತ್ತಿಲ್ಲ.

ಅವ್ವ ಅಡುಗೆಮನೆಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಕಿವಿ ಕೇಳಿಸುವುದಿಲ್ಲ ಎಂದು ನಾವೆಲ್ಲ ನಂಬಿದ್ದೆವು, ಅವಳೂ ನಮ್ಮನ್ನು ಹಾಗೆ ನಂಬಲು ಬಿಟ್ಟಿದ್ದಳು. ತಲೆ ಎತ್ತದೆ ಹೇಳಿದಳು:

"ನಿಮ್ಮಪ್ಪ ಅವಂಗ ಕೊಟ್ಟದ್ದು ಅದೊಂದ. ಮನಿ ಕೊಡಲಿಲ್ಲ, ಹೆಸರು ಕೊಡಲಿಲ್ಲ. ಕೊಟ್ಟ ಬ್ಯಾನಿ ಹೆಸರರ ಹೇಳಬಾರದೇನ?"

ಕಾಡವ್ವನ ವಿಷಯ ನಿನಗೆ ಯಾವಾಗಿನಿಂದ ಗೊತ್ತು ಎಂದು ಕೇಳಿದೆ. ನೀನು ಇನ್ನೂ ತೊಟ್ಟಿಲಲ್ಲಿದ್ದಾಗಿನಿಂದ ಎಂದಳು. ಆಮೇಲೆ ಮೆಣಸಿನಕಾಯಿಯ ಕಡೆ ತಿರುಗಿದಳು. ನನಗೆ ಸೀನು ಬಂತು, ಕಣ್ಣಲ್ಲಿ ನೀರೂ ಬಂತು. ಮೆಣಸಿನಕಾಯಿ ಬ್ಯಾಡಗಿಯದಲ್ಲ, ಖಾರದ್ದು.

ಜುಲೈ 14

ಖಾನಾಪುರಕ್ಕೆ ಹೋಗಿ ಬಂದೆ. ಅಪ್ಪ ವಾರವಾರ ಹೋದ ದಾರಿಯಲ್ಲಿ ಬಸ್ಸಿಗೆ ಒಂದು ತಾಸೂ ಬೇಕಾಗಲಿಲ್ಲ.

ಅವರ ಮನೆ ಹಂಚಿನ ಕಾರ್ಖಾನೆಯ ಹಿಂದಿನ ಓಣಿಯಲ್ಲಿ. ಕಟ್ಟೆಯ ಮೇಲೆ ಕಾಡವ್ವ ಕುಳಿತಿದ್ದಳು. ಅವಳನ್ನು ನಾನು ಹೇಗೆ ಕಲ್ಪಿಸಿಕೊಂಡಿದ್ದೆನೋ, ಹಾಗಿರಲಿಲ್ಲ. ಸೊರಗಿದ ಸಾಧಾರಣ ಮುದುಕಿ. ಮೋಹಿನಿಯರಿಗೂ ಮೊಣಕಾಲು ನೋಯುತ್ತದೆಂದು ತಿಳಿಯಿತು. ನಾನು ಯಾರೆಂದು ಹೇಳುವ ಮೊದಲೇ ನನ್ನ ಮುಖ ನೋಡಿ "ಯೇ ಗಂ ಬಾಯಿ, ಕುಂದರು" ಎಂದು ಮರಾಠಿ ಬೆರೆಸಿ ಹತ್ತಿರ ಕರೆದು, ಪಕ್ಕದ ಜಾಗ ಸೆರಗಿನಿಂದ ಒರೆಸಿದಳು. ಅಪ್ಪನ ಮೂಗು ನನ್ನ ಮುಖದ ಮೇಲಿದೆ, ಗುರುತು ಹಿಡಿಯಲು ಅವಳಿಗೆ ಲ್ಯಾಬ್ ಬೇಕಾಗಿರಲಿಲ್ಲ.

ಸತ್ಯಪ್ಪ ಒಳಗಿನಿಂದ ಬಂದು ಕುಳಿತ. ಸಮೃದ್ಧಿ ಬಾಗಿಲಿಗೆ ಒರಗಿ ನಿಂತಳು. ಪಾಠ ಹೇಳುವ ದನಿ ತಂದುಕೊಂಡೆ, ಬೇರೆ ದನಿಯಲ್ಲಿ ಆಗುತ್ತಿರಲಿಲ್ಲ.

"ಅಪ್ಪಂದು ಹಾರ್ಟ್ ಅಲ್ಲ. ಕಿಡ್ನಿ. ಎರಡೂ ಕಿಡ್ನ್ಯಾಗ ತುಂಬ ನೀರಿನ ಗುಳ್ಳಿ. ಡಾಕ್ಟರು ಆವಾಗ ಹೇಳಿದ್ರು, ಇದು ಮಕ್ಕಳಿಗೆ ಇಳೀತೈತಿ ಅಂತ."

ಆತ ತನ್ನ ಪಕ್ಕೆ ಮುಟ್ಟಿಕೊಂಡ. "ನಂದೂ ಅದ ಐತ್ರಿ. ಗುಳ್ಳಿ," ಎಂದ. ಆಮೇಲೆ ನಾನು ಎಣಿಸದ ಒಂದು ಕೆಲಸ ಮಾಡಿದ. ನಕ್ಕ. ಬಹುಮಾನ ಬಂದವನ ನಗು. "ಅಂದ್ರ ನಾ ಅವರ ಮಗಾ, ಖರೇ."

ಊರವರು ಅವನಿಗೆ ಏನೇನು ಅಂದಿದ್ದರೋ. ಇಂಥ ದಿಕ್ಕಿನಿಂದ ಬಂದ ಸಾಕ್ಷಿಯೂ ಅವನಿಗೆ ಸಾಲುವಷ್ಟು ಅಂದಿರಬೇಕು. ನಗು ಮುಗಿಯುವ ಮೊದಲೇ ಅವನ ಕಣ್ಣು ಮಗಳ ಕಡೆ ಹೋಯಿತು. ತನಗೆ ಇಳಿದದ್ದು ಅವಳಿಗೂ ಇಳಿಯಬಹುದೆಂದು ಅರ್ಥವಾದದ್ದು ಮುಖದ ಮೇಲೇ ಕಂಡಿತು. ಅವಳಿಗೂ ಅದು ಇದ್ದು, ಇರುವ ಎರಡರಲ್ಲಿ ಒಂದನ್ನು ಕೊಟ್ಟುಬಿಟ್ಟರೆ ಮುಂದೆ ಅವಳ ಗತಿ? ಈ ವಯಸ್ಸಿನಲ್ಲಿ ಸ್ಕ್ಯಾನ್ ಚೊಕ್ಕಟ ಬಂದರೂ ನಂಬುವ ಹಾಗಿಲ್ಲ, ಗುಳ್ಳೆಗಳು ತಡವಾಗಿಯೂ ಏಳುತ್ತವೆ, ಡಿಎನ್‌ಎ ನೋಡಿಸಬೇಕು ಎಂದೆ.

ಎಲ್ಲ ಕೇಳಿಸಿಕೊಂಡು ಆತ ಮೆಲ್ಲಗೆ, "ನೀವು ತೋರ್ಸೀರೇನ್ರಿ?" ಎಂದ.

ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಂದೆ. ಪಾಠ ಮಾಡಲು ಬಂದವರಿಗೆ ಪ್ರಶ್ನೆ ಕೇಳುವುದು ಎಂಥ ಸಂಸ್ಕಾರ?

ಜುಲೈ 16

ನಾನು ಖಾನಾಪುರಕ್ಕೆ ಹೋದದ್ದು ಅಣ್ಣನಿಗೆ ಗೊತ್ತಾಗಿದೆ. ನಾನೇ ಹೇಳಿದೆ. ನೋಟೀಸಿನ ಮೂರು ಪುಟಗಳನ್ನೂ ನಾನು ಬಸ್ಸಿನ ಟಿಕೆಟ್ಟಿನಿಂದ ಹರಿದುಹಾಕಿದೆ ಎಂದು ಕೂಗಾಡಿದ. ನಾಳೆ ಅವನು ಅಂಗಡಿಯಲ್ಲಿ ಪಾಲು ಕೇಳುತ್ತಾನೆ, ಅದಕ್ಕೆ ಕಾರಣ ನೀನು ಎಂದ. ಕೂಗುತ್ತಾ ಹಣೆ ಒತ್ತಿಕೊಂಡು ಬಿಪಿಯ ಗುಳಿಗೆ ನುಂಗಿದ. ಮೂವತ್ತೈದರಿಂದಲೇ ಅವನಿಗೆ ಬಿಪಿ. ವ್ಯಾಪಾರದ ಟೆನ್ಶನ್ ಎನ್ನುತ್ತಾನೆ. ಅಪ್ಪನಿಗೂ ವ್ಯಾಪಾರದ ಟೆನ್ಶನ್ನೇ ಇತ್ತು.

ನಾನೂ ಕಾಲೇಜಿನ ಟೆನ್ಶನ್ನಿಗೆ ಒಂದು ಗುಳಿಗೆ ತೆಗೆದುಕೊಳ್ಳುತ್ತೇನೆ. ಹೋದ ವರ್ಷದಿಂದ.

ಜುಲೈ 28

ಸ್ಕ್ಯಾನಿಂಗ್ ಸೆಂಟರ್ ಕಾಲೇಜಿನ ದಾರಿಯಲ್ಲೇ ಇದೆ. ಇವತ್ತು ಭಾನುವಾರ, ಮುಚ್ಚಿರುತ್ತದೆ.

ಜುಲೈ 29

ಸೋಮವಾರ ಬಹಳ ಗದ್ದಲವಿರುತ್ತದೆ.

ಆಗಸ್ಟ್ 6

ಟೆಸ್ಟ್ ಪೇಪರ್ ತಿದ್ದುವುದಿದೆ.

ಸೆಪ್ಟೆಂಬರ್ 11

ಸಮೃದ್ಧಿ ಮತ್ತೆ ಫೋನ್ ಮಾಡಿದಳು, ತನ್ನ ಮಾತು ಮುರಿದದ್ದಕ್ಕೆ ಕ್ಷಮೆ ಕೇಳಿಯೇ ಶುರುಮಾಡಿದಳು. ಸತ್ಯಪ್ಪನ ಡಿಎನ್‌ಎ ವರದಿ ಬಂದಿದೆ, ಡಾಕ್ಟರು ಹೇಳಿದ್ದು ಅರ್ಥವಾಗುತ್ತಿಲ್ಲ, ನೀವು ಒಮ್ಮೆ ಬರುತ್ತೀರಾ ಎಂದಳು. ಕ್ಲಾಸು ಮುಗಿಸಿ ಆಸ್ಪತ್ರೆಗೆ ಹೋದೆ.

ಕಿಡ್ನಿ ಡಾಕ್ಟರು ಹೆಂಗಸು, ಮಾತು ನೇರ. ಸತ್ಯಪ್ಪನ ಒಂದು ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ. ಆದರೆ ಈ ಬದಲಾವಣೆಯನ್ನು ಹಿಂದೆ ಯಾರಲ್ಲೂ ನೋಡಿಲ್ಲ. ಇದೇ ರೋಗ ತಂದದ್ದೋ, ಅಥವಾ ಸುಮ್ಮನೆ ಬಿದ್ದ ನಿರುಪದ್ರವಿ ಕಾಗುಣಿತದ ತಪ್ಪೋ, ಹೇಳಲಾಗದು. ಅದು ತಿಳಿಯುವವರೆಗೆ ಮಗಳಿಗೆ ಪರೀಕ್ಷೆ ಮಾಡಿಯೂ ಉಪಯೋಗವಿಲ್ಲ. ಏನನ್ನು ಹುಡುಕಬೇಕೆಂದೇ ಗೊತ್ತಿಲ್ಲವಲ್ಲ. ಇದೇ ರೋಗವಿರುವ ಇನ್ನೊಬ್ಬ ರಕ್ತಸಂಬಂಧಿ ಬೇಕು. ಅವರಲ್ಲೂ ಅದೇ ಅಕ್ಷರ ಬದಲಾಗಿದ್ದರೆ ಕಳ್ಳ ಬಹುಮಟ್ಟಿಗೆ ಸಿಕ್ಕಂತೆ.

ಡಾಕ್ಟರು, ಸತ್ಯಪ್ಪ, ಸಮೃದ್ಧಿ ಮೂವರೂ ನನ್ನ ಕಡೆ ನೋಡಲಿಲ್ಲ. ನೋಡದಿರಲು ಬಹಳ ಕಷ್ಟಪಡುತ್ತಿದ್ದರು.

ಜನ್ಮದಲ್ಲಿ ಮೊದಲ ಸಲ, ನನಗೆ ರೋಗವಿದ್ದರೆ ಚೆನ್ನಾಗಿತ್ತು ಎಂದು ಮೂರು ಜನ ಬಯಸುವ ಸ್ಥಿತಿ ಬಂದಿದೆ. ಹೆಣ್ಣು ನೋಡಲು ಬಂದವರೂ ನನ್ನ ಆರೋಗ್ಯದ ಮೇಲೆ ಇಷ್ಟು ಕಾಳಜಿ ತೋರಿಸಿರಲಿಲ್ಲ.

ಸೆಪ್ಟೆಂಬರ್ 12

ಅಣ್ಣನನ್ನು ಕೇಳಿದೆ. ಅಂಗಡಿಗೇ ಹೋಗಿ, ಅಕ್ಕಿ ಚೀಲದ ಮೇಲೆ ಕುಳಿತು, ಎಲ್ಲ ಬಿಡಿಸಿ ಹೇಳಿದೆ. ಒಂದು ಸ್ಕ್ಯಾನ್, ಒಂದು ಸಿರಿಂಜ್ ರಕ್ತ, ಒಂದು ಹುಡುಗಿಯ ಜೀವನ ಎಂದೆ. ನನಗೆ ಯಾವ ರೋಗವೂ ಇಲ್ಲ ಎಂದ. ಇಲ್ಲದಿದ್ದರೆ ತೋರಿಸಲು ಏನು ಎಂದೆ. ಗಿರಾಕಿ ಬಂದರೆಂದು ಎದ್ದ. ಅಂಗಡಿಗೆ ಯಾರೂ ಬಂದಿರಲಿಲ್ಲ.

ಬಯ್ಯೋಣವೆಂದುಕೊಂಡು ಅವನ ಕಣ್ಣು ನೋಡಿದೆ. ಹೆದರಿದ್ದಾನೆ, ಪಾಪ. ಇಷ್ಟು ದಿನ ಅದು ಅಂಗಡಿಯ ಪಾಲಿನ ಹೆದರಿಕೆ ಎಂದುಕೊಂಡಿದ್ದೆ.

ಸೆಪ್ಟೆಂಬರ್ 14

ಸ್ಕ್ಯಾನ್ ಮಾಡಿಸಿದೆ.

ಹೊಟ್ಟೆ ತುಂಬ ನೀರು ಕುಡಿದು ಬನ್ನಿ ಎಂದಿದ್ದರು. ಕುಡಿದು, ಗರ್ಭಿಣಿಯರ ಸಾಲಿನಲ್ಲಿ ಕುಳಿತೆ. ಪಕ್ಕದವಳು ಎಷ್ಟು ತಿಂಗಳು ಎಂದು ವಿಚಾರಿಸಿದಳು. ನಲವತ್ತಾರು ವರ್ಷ ಎಂದೆ.

ಸ್ಕ್ಯಾನ್ ಮಾಡಿದಾತ ಚಿಕ್ಕವನು. ಮೊದಲು ಹವಾಮಾನ, ಬೆಳಗಾವಿಯ ಟ್ರಾಫಿಕ್ಕು ಎಂದೆಲ್ಲ ಮಾತಾಡುತ್ತಿದ್ದ. ಬಲಗಡೆಗೆ ಬಂದಾಗ ಮಾತು ನಿಂತಿತು. ಎಡಗಡೆಗೆ ಹೋಗಿ ಮತ್ತೆ ಬಲಕ್ಕೆ ಬಂದ. "ಮೇಡಂ, ನಿಮಗೆ ಮೊದಲೇ ಗೊತ್ತಿತ್ತಾ?" ಎಂದು ಕೇಳಿದ.

ಗೊತ್ತಿತ್ತು ಎಂದೆ. ಹನ್ನೊಂದು ವರ್ಷದಿಂದ.

ಪರದೆಯನ್ನು ನನ್ನ ಕಡೆ ತಿರುಗಿಸಿದ. ಕಪ್ಪು ಕಪ್ಪು ಗುಳ್ಳೆಗಳು, ಎರಡೂ ಕಡೆ. ಪಠ್ಯಪುಸ್ತಕದ ಚಿತ್ರಕ್ಕಿಂತ ಚೆನ್ನಾಗಿ ಬಂದಿವೆ. ಅಪ್ಪ ಮಕ್ಕಳ ನಡುವೆ ಭೇದ ಮಾಡಿಲ್ಲ.

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಸತ್ಯಪ್ಪನಿಗೆ ಫೋನ್ ಮಾಡಿದೆ. ಫೋನಿನಲ್ಲಿ ಅವನ ನಂಬರೇ ಮೇಲಿತ್ತು, ಅದಕ್ಕೆ. ನನಗೂ ಇದೆ ಎಂದೆ. ಆತ ಟೀವಿ ಆರಿಸಲು ಮಗಳಿಗೆ ಹೇಳಿದ್ದು ಕೇಳಿಸಿತು. ಆಮೇಲೆ, "ಅಕ್ಕಾರ, ಎಲ್ಲಿ ನಿಂತೀರಿ? ಬಿಸಲಾಗ ನಿಂದರಬ್ಯಾಡ್ರಿ," ಎಂದ.

ಬಿಸಿಲಲ್ಲೇ ನಿಂತಿದ್ದೆ. ಹೇಗೆ ಗೊತ್ತಾಯಿತೋ. ನೆರಳಿಗೆ ಹೋದೆ.

ಸೆಪ್ಟೆಂಬರ್ 20

ರಕ್ತ ಕೊಟ್ಟೆ. ನನ್ನ ಕಿಡ್ನಿ ಇನ್ನೂ ಬಹಳ ವರ್ಷ ಕೆಲಸ ಮಾಡುತ್ತದಂತೆ, ಬಿಪಿ ಹತೋಟಿಯಲ್ಲಿರಬೇಕು, ಉಪ್ಪು ಕಡಿಮೆ ಮಾಡಬೇಕು. ನಾಲಿಗೆಯ ಖಾರದ ಬಗ್ಗೆ ಡಾಕ್ಟರು ಏನೂ ಹೇಳಲಿಲ್ಲ.

ಅವ್ವನಿಗೆ ಹೇಳಿದೆ. ಅವಳು ಎದ್ದುಹೋಗಿ, ಭರಣಿಯಲ್ಲಿದ್ದ ನಿಂಬೆ ಉಪ್ಪಿನಕಾಯಿಯನ್ನೆಲ್ಲ ಪಕ್ಕದ ಮನೆಯವರಿಗೆ ಕೊಟ್ಟು ಬಂದಳು. ಬಂದು ನನ್ನ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ಧಾರಾವಾಹಿ ನೋಡಿದಳು. ಕೈ ತೆಗೆಯಲಿಲ್ಲ. ಧಾರಾವಾಹಿ ಎಂದಿನಂತೆ ಕೆಟ್ಟದಾಗಿತ್ತು, ನಾನೂ ಕೊನೆಯವರೆಗೆ ನೋಡಿದೆ.

ಅಕ್ಟೋಬರ್ 3

ಖಾನಾಪುರದ ತಮ್ಮ ದಿನಾ ಬೆಳಿಗ್ಗೆ ಫೋನ್ ಮಾಡಿ ನೀರು ಕುಡಿದಿರಾ ಎಂದು ವಿಚಾರಿಸುತ್ತಾನೆ. ಅವನಿಗೆ ಡಾಕ್ಟರು ದಿನಕ್ಕೆ ಇಷ್ಟೇ ನೀರೆಂದು ಅಳೆದು ಕೊಡುತ್ತಾರೆ. ತನಗೆ ಇಲ್ಲದ್ದನ್ನು ನನಗೆ ಕುಡಿಸುವ ಚಟ. ಪೀಡೆ.

ನಿನ್ನೆ ಮಾಡಲಿಲ್ಲ. ನಾನೇ ಮಾಡಿ ಯಾಕೆ ಮಾಡಲಿಲ್ಲ ಎಂದು ಬೈದೆ. ಡಯಾಲಿಸಿಸ್ ಆಗಿ ಮಲಗಿದ್ದನಂತೆ.

ನವೆಂಬರ್ 5

ವರದಿ ಬಂತು. ನನ್ನಲ್ಲೂ ಅದೇ ಜಾಗದಲ್ಲಿ ಅದೇ ಅಕ್ಷರ ತಪ್ಪಿದೆ. ಅದೇ ಕಳ್ಳ ಎಂದು ಡಾಕ್ಟರಿಗೆ ಖಾತ್ರಿಯಾಗಿದೆ. ಸಂಬಂಧವನ್ನು ಕಾಗದದ ಮೇಲೆ ತೋರಿಸಲು ಇನ್ನೊಂದು ಪರೀಕ್ಷೆಯನ್ನೂ ಮಾಡಿದ್ದರು. ನಾವಿಬ್ಬರೂ ಒಬ್ಬ ಅಪ್ಪನ ಮಕ್ಕಳೆಂಬುದರಲ್ಲಿ ಸಂಶಯವಿಲ್ಲವಂತೆ. ಕಾಡವ್ವ ಇದನ್ನು ಕಟ್ಟೆಯ ಮೇಲೆ ಕುಳಿತೇ ಹೇಳಿದ್ದಳು.

ಇನ್ನು ಸಮೃದ್ಧಿಯ ರಕ್ತದಲ್ಲಿ ಆ ಒಂದು ಅಕ್ಷರವನ್ನು ಹುಡುಕುತ್ತಾರೆ. ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ನಾಣ್ಯ ಚಿಮ್ಮಿದ ಹಾಗೆ. ಇದನ್ನು ಕಪ್ಪುಹಲಗೆಯ ಮೇಲೆ ಪ್ರತಿವರ್ಷ ಬರೆದಿದ್ದೇನೆ, ಎರಡು ಅಂಕದ ಪ್ರಶ್ನೆ ಎಂದು.

ವಕೀಲರು ಅಣ್ಣನಿಗೆ, ನಿಮ್ಮ ತಂಗಿ ಎದುರು ಪಕ್ಷದ ಕೆಲಸವನ್ನು ತಾನೇ ಮಾಡಿಕೊಟ್ಟಳು ಎಂದರಂತೆ. ಎದುರು ಪಕ್ಷ ಇವತ್ತಿನವರೆಗೆ ಒಂದು ಹಂಚಿನ ಚೂರನ್ನೂ ಕೇಳಿಲ್ಲ ಎಂದೆ. ಅಣ್ಣ ಫೋನಿಟ್ಟ. ಅಲ್ಲಿಂದ ಮಾತು ಬಿಟ್ಟಿದ್ದಾನೆ.

ನವೆಂಬರ್ 29

ಇಲ್ಲ. ಸಮೃದ್ಧಿಗೆ ಇಲ್ಲ. ಅವಳಿಗೆ ಇಳಿದಿಲ್ಲ.

ಆಸ್ಪತ್ರೆಯ ವರಾಂಡದಲ್ಲಿ ತಮ್ಮ ಗೋಡೆಯ ಕಡೆ ತಿರುಗಿ ನಿಂತು ಅತ್ತ. ನಾನು ಕ್ಯಾಂಟೀನಿಗೆ ಹೋಗಿ, ಏನನ್ನೂ ಕೊಳ್ಳದೆ ಮರಳಿ ಬಂದೆ.

ಜನವರಿ 17

ಆಪರೇಶನ್ ಆಯಿತು. ಒಳಗೆ ಮಗಳ ಕಿಡ್ನಿ ಅಪ್ಪನಿಗೆ, ಹೊರಗೆ ನಾವು ಬೆಂಚಿನ ಮೇಲೆ. ಸಮೃದ್ಧಿಯ ತಾಯಿ ಮಗಳ ಕೋಣೆಯ ಬಾಗಿಲು ಬಿಟ್ಟು ಕದಲಲಿಲ್ಲ.

ಅವ್ವ ಬರುತ್ತೇನೆಂದಾಗ ಮೊಣಕಾಲಿನ ನೆಪ ಹೇಳಿ ತಡೆಯಲು ನೋಡಿದೆ. ಕಾಡವ್ವನ ಎದುರು ಏನಾಗುತ್ತದೋ ಎಂಬ ಅಂಜಿಕೆ. ಅವ್ವ ತನ್ನ ಇಳಕಲ್ಲ ಸೀರೆ ಉಟ್ಟು ಆಟೋ ಹತ್ತಿದಳು. ಇಷ್ಟು ವರ್ಷ ಒಬ್ಬರನ್ನೊಬ್ಬರು ನೋಡದ ಇಬ್ಬರು ಹೆಂಗಸರು ಒಂದೇ ಬೆಂಚಿನ ಎರಡು ತುದಿಯಲ್ಲಿ ಕುಳಿತರು. ನಡುವೆ ನಾನು. ನಾನೇ ಅಲ್ಲಿ ಅತಿ ಅಪಾಯದ ಜಾಗದಲ್ಲಿದ್ದವಳು.

ಬಹಳ ಹೊತ್ತಿನ ಮೇಲೆ ಕಾಡವ್ವ ನೆಲ ನೋಡುತ್ತ, ಅಕ್ಕಾರ, ನನ್ನ ಮ್ಯಾಲೆ ಸಿಟ್ಟೈತೇನ್ರಿ ಎಂದಳು.

"ಇತ್ತು," ಎಂದಳು ಅವ್ವ. "ಈಗ ಸಿಟ್ಟ ಮಾಡಾಕ ಅಂವ ಇಲ್ಲ. ನಿನ್ನ ಒಬ್ಬಾಕಿ ಮ್ಯಾಲೆ ಮಾಡಿ ಏನ ಮಾಡ್ಲಿ? ರೊಟ್ಟಿ ತಂದೀನಿ, ತಿನ್ನು."

ಕಾಡವ್ವ ತಿಂದಳು. ಆಮೇಲೆ ಇಬ್ಬರೂ ಸೇರಿ, ನನಗೆ ರೊಟ್ಟಿ ಬಡಿಯಲು ಬರುವುದಿಲ್ಲವೆಂದು ಮಾತಾಡಿಕೊಂಡರು. ವೈರಿಗಳು ಒಂದಾಗಲು ಮೂರನೆಯವರು ಬೇಕು.

ಸಂಜೆ ಡಾಕ್ಟರು ಹೊರಗೆ ಬಂದು, ಕಿಡ್ನಿ ಆಗಲೇ ಕೆಲಸ ಶುರುಮಾಡಿದೆ, ಮೂತ್ರ ಬರುತ್ತಿದೆ ಎಂದರು. ಮೂತ್ರದ ಸುದ್ದಿ ಕೇಳಿ ಮೂವರು ಹೆಂಗಸರು ಕೈಮುಗಿದದ್ದನ್ನು ಆಸ್ಪತ್ರೆಯ ಜನ ನಿಂತು ನೋಡಿದರು.

ಮಾರ್ಚ್ 10

ಅಣ್ಣನ ಫೋನ್, ನಾಲ್ಕು ತಿಂಗಳ ಮೇಲೆ. ಅವ್ವನ ಆರೋಗ್ಯ ಕೇಳಿದ. ಅಕ್ಕಿಯ ಧಾರಣೆ ಹೇಳಿದ. ಆಮೇಲೆ, ಪೇಟೆಯಲ್ಲಿ ತನ್ನ ಒಬ್ಬ ದೋಸ್ತ ಇದ್ದಾನೆ, ಅವನಿಗೆ ಕಿಡ್ನಿಯ ಸ್ಕ್ಯಾನ್ ಮಾಡಿಸಬೇಕಂತೆ, ಎಲ್ಲಿ ಮಾಡಿಸಿದರೆ ಒಳ್ಳೆಯದು ಎಂದು ಕೇಳಿದ. ದೋಸ್ತನ ವಯಸ್ಸು ಎಷ್ಟು ಎಂದೆ. ಐವತ್ತೆರಡು ಎಂದ. ಅವನಿಗೆ ಮೂತ್ರದಲ್ಲಿ ರಕ್ತ ಕಂಡಿದೆಯಂತೆ, ಹೆದರಿದ್ದಾನಂತೆ.

ನಾಲಿಗೆಯ ಮೇಲೆ ಏನೇನೋ ಬಂತು. ಒಂದನ್ನೂ ಆಡಲಿಲ್ಲ. ಹೊಟ್ಟೆ ತುಂಬ ನೀರು ಕುಡಿದು ಬರಲು ಹೇಳು ನಿನ್ನ ದೋಸ್ತನಿಗೆ, ಅವನ ಜೊತೆ ನಾನಿರುತ್ತೇನೆ ಎಂದೆ.

ಮಾರ್ಚ್ 13

ಆಸ್ಪತ್ರೆಯಲ್ಲೇ ಸ್ಕ್ಯಾನ್ ಇಟ್ಟಿದ್ದೆ. ಇವತ್ತೇ ತಮ್ಮನ ಚೆಕಪ್ ಕೂಡ ಇತ್ತು. ಎರಡೆರಡು ಸಲ ಆಟೋ ಯಾಕೆಂದು ಒಂದೇ ದಿನ ಇಟ್ಟೆ, ಬೇರೇನಿಲ್ಲ.

ಅಣ್ಣ ಬಂದಾಗ ತಮ್ಮ ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಬೆಂಚಿನ ಮೇಲೆ ಕುಳಿತಿದ್ದ. ಅಣ್ಣನಿಗೆ ಗುರುತು ಸಿಕ್ಕಿತು. ಅವನು ನೇರ ಸ್ಕ್ಯಾನಿನ ಕೋಣೆಗೆ ಹೋದ. ಜೊತೆಗೆ ಬರಲೇ ಎಂದರೆ ಬೇಡವೆಂದು ಕೈ ಮಾಡಿದ.

ಹೊರಗೆ ಬಂದಾಗ ಅಂಗಿಯ ಗುಂಡಿ ಹಾಕಿಕೊಳ್ಳಲು ಅವನಿಗೆ ಬಹಳ ಹೊತ್ತು ಹಿಡಿಯಿತು. ದೋಸ್ತನ ಹೆಸರನ್ನು ಅವನು ಮತ್ತೆ ಎತ್ತಲಿಲ್ಲ. ಬಾಗಿಲ ಹತ್ತಿರ ಸುಮ್ಮನೆ ನಿಂತುಬಿಟ್ಟ, ಯಾವ ಕಡೆ ಹೋಗಬೇಕೆಂದು ತಿಳಿಯದವನ ಹಾಗೆ.

ತಮ್ಮ ಬೆಂಚಿನ ಮೇಲೆ ಸರಿದು ಜಾಗ ಮಾಡಿದ. "ಕುಂದರ್ರಿ, ಅಣ್ಣಾರ," ಎಂದ.

ಅಣ್ಣ ಕುಳಿತ. ಎದುರಿನ ಗೋಡೆ ನೋಡುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ, ಗೋಡೆಯನ್ನೇ ಕೇಳುವವನಂತೆ, "ಆ ಡಯಾಲಿಸಿಸ್ ಅಂತಾರಲ್ಲ... ಭಾಳ ತ್ರಾಸ ಆಗ್ತೈತೇನು?" ಎಂದ.

ತಮ್ಮ ಮಾಸ್ಕ್ ಸರಿಮಾಡಿಕೊಂಡು, ಮೊದಲಿನಿಂದ, ಸಾವಕಾಶವಾಗಿ ಹೇಳತೊಡಗಿದ. ಅಣ್ಣ ಅವನ ಕಡೆ ತಿರುಗಿ ಕುಳಿತ. ಇಬ್ಬರಿಗೂ ನಾನು ಬೇಕಾಗಿರಲಿಲ್ಲ, ನೀರು ತರಲು ಎದ್ದುಹೋದೆ.